ಎಲ್ಲಿ ಉಸಿರು ತೆಗೆದುಕೊಳ್ಳಬೇಕು

ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೇ ಸಾಲುಗಳಿಗೆ 23. ಹೈಸ್ಕೂಲಿನಲ್ಲಿ 31 ವರ್ಷ ಕನ್ನಡ ಪಾಠ ಮಾಡಿದವಳಿಗೆ ಇದು ಮಗ್ಗಿಯಷ್ಟೇ ಬಾಯಿಪಾಠ. ಆದರೆ ಗಮಕ ಕಲಿಯುವಾಗ ನಮ್ಮ ಗುರುಗಳು ಹೇಳುತ್ತಿದ್ದ ಮಾತು ಬೇರೆ. "ಮೂರನೇ ಸಾಲು ಮುಗಿಯೋ ತನಕ ಉಸಿರು ತಗೋಬಾರದು ಕಣಮ್ಮ. ಪದ್ಯ ಅಲ್ಲಿ ಒಂದು ಕ್ಷಣ ಕೂತ್ಕೊಳತ್ತೆ. ನೀನೂ ಅಲ್ಲೇ ಕೂತ್ಕೋ." ಅಂದರೆ 51 ಮಾತ್ರೆಗೆ ಒಂದು ಉಸಿರು. ರಾಗ ಎಳೆಯದೆ ಸುಮ್ಮನೆ ಓದಿಕೊಂಡು ಹೋದರೆ ಹನ್ನೆರಡು ಹದಿಮೂರು ಸೆಕೆಂಡು. ನನಗೆ ಅದು ಯಾವತ್ತೂ ಕಷ್ಟವೆನಿಸಿರಲಿಲ್ಲ.

ಕಳೆದ ವರ್ಷ ಆಪರೇಶನ್ ಆಗಿ ಹನ್ನೊಂದನೇ ದಿನ, ಬೆಂಗಳೂರಿನ ಮಗಳ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಒಂದು ಪದ್ಯ ಶುರು ಮಾಡಿದೆ. ಮೊದಲ ಸಾಲಿನ ಎರಡನೇ ಗಣಕ್ಕೇ ಉಸಿರು ನಿಂತಿತು. ಏಳು ಮಾತ್ರೆ. ಆಮೇಲೆ ಬಂದ ಕೆಮ್ಮು ಹತ್ತು ನಿಮಿಷ ಬಿಡಲಿಲ್ಲ.

ಎಲ್ಲರಿಗೂ ಬಲ ಶ್ವಾಸಕೋಶದಲ್ಲಿ ಮೂರು ಹಾಲೆ, ಎಡಗಡೆ ಎರಡು. ನನಗೀಗ ಎರಡೂ ಕಡೆ ಎರಡೆರಡು. ಬಲಗಡೆಯ ಮೇಲಿನ ಹಾಲೆಯಲ್ಲಿ 2.4 ಸೆಂಟಿಮೀಟರಿನ ಕ್ಯಾನ್ಸರ್ ಗಡ್ಡೆಯಿತ್ತು. ಅದನ್ನು ಹಾಲೆಯ ಸಮೇತ ತೆಗೆದರು.

ಅಲ್ಲಿಗೆ ಮುಟ್ಟುವುದೇ ದೊಡ್ಡ ಸುತ್ತು ದಾರಿಯಾಯಿತು. ನಿವೃತ್ತಿಯಾದ ವರ್ಷದ ಮಳೆಗಾಲದಲ್ಲಿ ಶುರುವಾದ ಕೆಮ್ಮು ದೀಪಾವಳಿಗೂ ಹೋಗಲಿಲ್ಲ. ಎಕ್ಸ್‌ರೇಯಲ್ಲಿ ಬಲಗಡೆ ಮೇಲೊಂದು ಮಸುಕು ಕಾಣಿಸಿತು. ಎದೆಯ ಮೇಲ್ಭಾಗದಲ್ಲಿ ಮಸುಕು ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಟಿಬಿ. ಕಫದಲ್ಲಿ ಏನೂ ಸಿಗದಿದ್ದರೂ ಒಬ್ಬ ಡಾಕ್ಟರು ಟಿಬಿ ಮಾತ್ರೆ ಶುರು ಮಾಡಿದರು. ಎರಡೂವರೆ ತಿಂಗಳು ನುಂಗಿದೆ. ಮೂತ್ರ ಕೆಂಪಗಾಯಿತು, ಹಸಿವು ಸತ್ತಿತು, ಕೆಮ್ಮು ಇದ್ದಲ್ಲೇ ಇತ್ತು. ಮಗಳು ಹಟ ಹಿಡಿದು ಸಿಟಿ ಸ್ಕ್ಯಾನ್ ಮಾಡಿಸದಿದ್ದರೆ ಆರು ತಿಂಗಳೂ ನುಂಗುತ್ತಿದ್ದೆನೋ ಏನೋ. ಟಿಬಿ ಇಷ್ಟೊಂದಿರುವ ದೇಶದಲ್ಲಿ ಈ ತಪ್ಪು ಹೊಸದಲ್ಲ. ಇದರಿಂದಾಗಿ ಆಪರೇಶನ್ ಮಾಡಿಸಿಕೊಳ್ಳುವ ಅವಕಾಶವನ್ನೇ ಕಳೆದುಕೊಂಡವರಿದ್ದಾರೆ. ಕಫದಲ್ಲಿ ಟಿಬಿ ಸಿಕ್ಕಿಲ್ಲ, ಮಾತ್ರೆಗೂ ಕೆಮ್ಮು ಬಗ್ಗುತ್ತಿಲ್ಲ ಎಂದಾದರೆ ದಯವಿಟ್ಟು ಸ್ಕ್ಯಾನ್ ಬಗ್ಗೆ ಬಾಯಿಬಿಟ್ಟು ಕೇಳಿ.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳಿದರು. ಬೀಡಿ ಸಿಗರೇಟು ಮುಟ್ಟದ ಹೆಂಗಸಿಗೆ ಇದು ಹೇಗೆ ಬಂತು? ಖಚಿತವಾಗಿ ಯಾರೂ ಹೇಳಲಾರರು. ಹೊಗೆ ಮಾತ್ರ ನಾನು ಧಾರಾಳವಾಗಿ ಕುಡಿದಿದ್ದೇನೆ. ಮಳೆಗಾಲದಲ್ಲಿ ಹಸಿ ಸೌದೆ, ಅಡುಗೆಮನೆಯ ಒಲೆ ಒಂದು, ಬಚ್ಚಲ ಹಂಡೆಯ ಒಲೆ ಇನ್ನೊಂದು. ಊದುಗೊಳವೆ ಹಿಡಿದು ಬೂದಿಯೊಳಗಿನ ಕೆಂಡ ಎಬ್ಬಿಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಊದಿ ಊದಿ ಸಾಕಾಗಿ ಮತ್ತೆ ಉಸಿರೆಳೆದುಕೊಳ್ಳುವಾಗ ಹೊಗೆಯೆಲ್ಲ ಒಳಗೆ. ಸೌದೆಯ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 'ಬಹುಶಃ ಕ್ಯಾನ್ಸರ್ ತರಬಲ್ಲದ್ದು' ಎಂಬ ಪಟ್ಟಿಯಲ್ಲಿ ಇಟ್ಟಿದೆ. ಅದನ್ನು ಓದಿದ ದಿನ ನನಗೆ ನೆನಪಾದದ್ದು ಅಮ್ಮನ ಕೆಮ್ಮು. ಅವಳದನ್ನು ಯಾರೂ ಎಕ್ಸ್‌ರೇಗೆ ಕಳಿಸಲಿಲ್ಲ.

ನನಗಾದ ಆಪರೇಶನ್ನಿಗೆ ವ್ಯಾಟ್ಸ್ ಎನ್ನುತ್ತಾರೆ. ಕಂಕುಳಿನ ಕೆಳಗೆ ಪಕ್ಕೆಯಲ್ಲಿ ಮೂರು ಕಡೆ ಕೊಯ್ದಿದ್ದರು. ದೊಡ್ಡದು ನಾಲ್ಕು ಸೆಂಟಿಮೀಟರ್, ಉಳಿದೆರಡು ಬೆರಳು ತೂರುವಷ್ಟು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಉಪಕರಣಗಳು. ಎಡ ಶ್ವಾಸಕೋಶ ಒಂದರಲ್ಲೇ ಉಸಿರಾಡಿಸುತ್ತಾ ಬಲದ್ದನ್ನು ಗಾಳಿಯಿಲ್ಲದೆ ಕುಗ್ಗಿಸಿ ಇಡುತ್ತಾರೆ. ಹಾಲೆಗೆ ಹೋಗುವ ರಕ್ತನಾಳಗಳನ್ನೂ ಶ್ವಾಸನಾಳದ ಕವಲನ್ನೂ ಸ್ಟೇಪ್ಲರ್ ಹಾಕಿ ಕತ್ತರಿಸಿ, ಹಾಲೆಯನ್ನು ಚೀಲಕ್ಕೆ ತುಂಬಿ ದೊಡ್ಡ ತೂತಿನಿಂದ ಹೊರಗೆಳೆಯುತ್ತಾರೆ. ಹಳೆಯ ವಿಧಾನದಲ್ಲಿ ಪಕ್ಕೆಯ ಉದ್ದಕ್ಕೂ ಕೊಯ್ದು, ಪಕ್ಕೆಲುಬುಗಳ ನಡುವೆ ಸಲಕರಣೆ ಸಿಕ್ಕಿಸಿ ಅಗಲಿಸಬೇಕಿತ್ತು. ಈ ಹೊಸ ದಾರಿ 1990ರ ದಶಕದ ಶುರುವಿನಲ್ಲಿ ಬಂತು. ನನಗೆ ಅದು ಸಿಕ್ಕಿದ್ದು ಭಾಗ್ಯವೆಂದೇ ಇವತ್ತಿಗೂ ನಂಬಿದ್ದೇನೆ. ಮುಂದೆ ಬರೆಯುವುದನ್ನು ಯಾರೂ ಆಪರೇಶನ್ನಿನ ಮೇಲಿನ ದೂರು ಎಂದು ತಿಳಿಯಬಾರದು.

ಆಸ್ಪತ್ರೆಯ ದಿನಗಳು ಬೇಗ ಮುಗಿದವು. ಪಕ್ಕೆಯಿಂದ ಒಂದು ನಳಿಕೆ ಇಳಿಬಿಟ್ಟು, ಅದರ ತುದಿಯನ್ನು ನೀರು ತುಂಬಿದ ಡಬ್ಬಿಯೊಳಗೆ ಮುಳುಗಿಸಿಟ್ಟಿದ್ದರು. ಕೆಮ್ಮಿದಾಗ ಗುಳ್ಳೆ ಬಂದರೆ ಶ್ವಾಸಕೋಶದಿಂದ ಗಾಳಿ ಇನ್ನೂ ಸೋರುತ್ತಿದೆ ಎಂದರ್ಥ. ಬೆಳಿಗ್ಗೆ ರೌಂಡ್ಸಿಗೆ ಬಂದವರು ಮೊದಲು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಆ ಡಬ್ಬಿಯನ್ನು. ನಾನೂ ಅದನ್ನೇ ನೋಡುತ್ತಿದ್ದೆ. ಐದನೇ ದಿನ ಗುಳ್ಳೆ ನಿಂತಿತು, ನಳಿಕೆ ತೆಗೆದರು, ಮರುದಿನ ಮನೆಗೆ ಕಳಿಸಿದರು. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಯಂತ್ರವೊಂದನ್ನೂ ಕೊಟ್ಟರು. ಫಿಸಿಯೋಥೆರಪಿಯ ಹುಡುಗಿ ದಿನವೂ ಬಂದು "ಅಮ್ಮಾ, ಊದಬೇಡಿ. ಒಳಗೆ ಎಳ್ಕೊಳ್ಳಿ" ಎನ್ನುತ್ತಿದ್ದಳು. ಊದುಗೊಳವೆಯ ಅಭ್ಯಾಸದ ಬಾಯಿಗೆ ಎಳೆದುಕೊಳ್ಳುವುದನ್ನು ಹೊಸದಾಗಿ ಕಲಿಸಬೇಕಾಯಿತು. 600, 900, 1200 ಎಂದು ಬರೆದಿತ್ತು. ಮೊದಲ ದಿನ ಒಂದೇ ಚೆಂಡು, ಅದೂ ಅರ್ಧಕ್ಕೆ ಏರಿ ಬಿತ್ತು.

ಕಷ್ಟ ಶುರುವಾದದ್ದು ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ, ನೋಡಲು ಬಂದವರ ಮಾತಿನಿಂದ. "ಈಗೆಲ್ಲ ಏನಿಲ್ಲ ಬಿಡಿ ಟೀಚರ್, ಮೂರು ತೂತು ಅಷ್ಟೇ ಅಲ್ವಾ? ನಮ್ಮ ಭಾವನೋರು ಪಿತ್ತಕೋಶ ತೆಗೆಸ್ಕೊಂಡು ನಾಲ್ಕನೇ ದಿನಕ್ಕೆ ಆಫೀಸಿಗೆ ಹೋದ್ರು." ಪ್ರೀತಿಯಿಂದಲೇ ಹೇಳಿದ ಮಾತು. ಐದನೇ ವಾರದಲ್ಲಿ ನಾದಿನಿಯ ಮಗಳ ಮದುವೆ. "ಅತ್ತಿಗೆ, ನೀವು ಬಂದು ಸುಮ್ನೆ ಕೂತ್ಕೊಳಿ ಸಾಕು" ಎಂದಳು. ಹೋದೆ. ಛತ್ರದಲ್ಲಿ ಕೂರಲು ಯಾರು ಬಿಡುತ್ತಾರೆ? ಬಂದವರಿಗೆಲ್ಲ ಎದ್ದು ನಿಂತು ಮಾತಾಡಿ, ಹೋಮದ ಹೊಗೆ ಕುಡಿದು, ಮನೆಗೆ ಬಂದವಳು ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ತಪ್ಪು ಅವಳದಲ್ಲ. ಕನ್ನಡಿಯಲ್ಲಿ ಪಕ್ಕೆ ನೋಡಿಕೊಂಡಾಗ ನನಗೂ ಹಾಗೇ ಅನಿಸುತ್ತಿತ್ತು. ಇಷ್ಟು ಸಣ್ಣ ಗಾಯಕ್ಕೆ ಇಷ್ಟು ಸುಸ್ತು ಯಾಕೆ? ನಾನೇ ಮೈಗಳ್ಳತನ ಮಾಡುತ್ತಿದ್ದೇನೆಯೇ?

ಇದನ್ನು ಅರಿತುಕೊಳ್ಳಲು ನನಗೆ ತಿಂಗಳುಗಳೇ ಬೇಕಾದವು. ಕ್ಯಾಮೆರಾ ಹಾಕಿ ಮಾಡಿದ ಆಪರೇಶನ್ನು ಎದೆಗೂಡಿನ ಗೋಡೆಗೆ ಆಗುವ ಪೆಟ್ಟನ್ನು ಕಡಿಮೆ ಮಾಡುತ್ತದೆ. ಒಳಗಿನಿಂದ ತೆಗೆಯುವುದು ಮಾತ್ರ ಎರಡರಲ್ಲೂ ಅಷ್ಟೇ ಇರುತ್ತದೆ. ಎದೆ ತೆರೆದು ತೆಗೆದರೂ, ತೂತಿನಿಂದ ತೆಗೆದರೂ, ಒಂದು ಹಾಲೆ ಒಂದು ಹಾಲೆಯೇ. ಖಾಲಿಯಾದ ಜಾಗಕ್ಕೆ ಉಳಿದ ಹಾಲೆಗಳು ಹಿಗ್ಗಬೇಕು, ಎದೆಗೂ ಹೊಟ್ಟೆಗೂ ನಡುವಿನ ವಪೆ ಸ್ವಲ್ಪ ಮೇಲೇರಬೇಕು, ಶ್ವಾಸನಾಳದ ಕವಲುಗಳು ಹೊಸ ಕೋನಕ್ಕೆ ಒಗ್ಗಬೇಕು. ಅದಕ್ಕೆಲ್ಲ ಸಾಮಾನ್ಯವಾಗಿ ಆರು ತಿಂಗಳಾದರೂ ಹಿಡಿಯುತ್ತದೆ. ಬಂದವರು ಹೊರಗಿನ ಹೊಲಿಗೆ ನೋಡಿ ವಿಶ್ರಾಂತಿಯ ಲೆಕ್ಕ ಹಾಕುತ್ತಿದ್ದರು, ನಾನೂ ಅದೇ ಲೆಕ್ಕ ಹಿಡಿದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಕೆಮ್ಮಿನ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ. ಕಫವಿಲ್ಲದ ಒಣ ಕೆಮ್ಮು. ಮಾತಾಡಿದರೆ, ನಕ್ಕರೆ, ತಣ್ಣನೆ ಗಾಳಿ ತಾಗಿದರೆ, ಬಲಕ್ಕೆ ಹೊರಳಿದರೆ ಬರುತ್ತಿತ್ತು. ಕ್ಯಾನ್ಸರ್ ಗೊತ್ತಾದದ್ದೇ ಕೆಮ್ಮಿನಿಂದ. ಹಾಗಾಗಿ ಪ್ರತಿ ಸಲ ಕೆಮ್ಮು ಬಂದಾಗಲೂ ಅಡುಗೆಮನೆಯಿಂದ ನಮ್ಮ ಮನೆಯವರು ಬಂದು ಬಾಗಿಲಲ್ಲಿ ನಿಲ್ಲುವರು. ಏನೂ ಕೇಳುತ್ತಿರಲಿಲ್ಲ. ಆ ನಿಲ್ಲುವುದೇ ನನಗೆ ಕೆಮ್ಮಿಗಿಂತ ಹೆಚ್ಚು ಸುಸ್ತು ತರುತ್ತಿತ್ತು. ಅವರ ಕಿವಿಗೆ ಬೀಳದಿರಲೆಂದು ದಿಂಬಿಗೆ ಬಾಯಿ ಒತ್ತಿ ಕೆಮ್ಮಿದ ರಾತ್ರಿಗಳಿವೆ. ಮೂರನೇ ತಿಂಗಳಿಗೆ ಡಾಕ್ಟರನ್ನು ಕೇಳಿದಾಗ, ಹಾಲೆ ತೆಗೆದು ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ಬಿಡಿಸಿದವರಲ್ಲಿ ಇದು ಬಹಳ ಸಾಮಾನ್ಯ, ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ ಎಂದರು. ಈ ಎರಡು ವಾಕ್ಯಗಳನ್ನು ಡಿಸ್ಚಾರ್ಜ್ ದಿನವೇ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರೆ ಎಷ್ಟೋ ರಾತ್ರಿ ಉಳಿಯುತ್ತಿತ್ತು.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ, ಯಾಕೆಂದರೆ ನಾನು ಹುಡುಕಿದಾಗ ಕನ್ನಡದಲ್ಲಿ ಎಲ್ಲೂ ಸಿಗಲಿಲ್ಲ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಓಡುತ್ತದೆ. ತೂತು ಸಣ್ಣದಾದರೂ ಉಪಕರಣಗಳು ಅದರ ಮೇಲೆ ಒತ್ತುತ್ತವೆ. ನನಗೆ ಬಲ ಎದೆಯ ಕೆಳಗೆ ಅಂಗೈಯಗಲ ಜಾಗ ಮರಗಟ್ಟಿತು. ಅದರ ಸುತ್ತ ಮಾತ್ರ ಬಟ್ಟೆ ಸೋಕಿದರೂ ಉರಿ, ಮೆಣಸಿನಕಾಯಿ ಹೆಚ್ಚಿದ ಕೈ ತಾಗಿದಂತೆ. ಬ್ರಾ ಪಟ್ಟಿ ಕೂರುವುದು ಸರಿಯಾಗಿ ಆ ಜಾಗದ ಮೇಲೇ. ರವಿಕೆಯ ಕೊನೆಯ ಹುಕ್ಕು ಹಾಕಲಾಗುತ್ತಿರಲಿಲ್ಲ. 31 ವರ್ಷ ಸೀರೆ ಉಟ್ಟು ಸೆರಗಿಗೆ ಪಿನ್ ಹಾಕಿ ತರಗತಿಗೆ ಹೋದವಳು ಎರಡೂವರೆ ತಿಂಗಳು ನೈಟಿ ಬಿಟ್ಟು ಬೇರೇನೂ ಹಾಕಲಿಲ್ಲ. ಯಾರಾದರೂ ಬಂದರೆ ಮೇಲೊಂದು ಶಾಲು. ಹೊರಗೆ ಹೋಗುವುದನ್ನು ಬಿಟ್ಟದ್ದಕ್ಕೆ ದಮ್ಮು ಕಾರಣವೆಂದು ಎಲ್ಲರೂ ತಿಳಿದಿದ್ದರು. ನಿಜವಾದ ಕಾರಣ ರವಿಕೆ. ರೌಂಡ್ಸಿಗೆ ಬರುವ ನಾಲ್ಕೈದು ಗಂಡಸರ ಮುಂದೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಅವರೂ ಕೇಳಲಿಲ್ಲ. ಕೊನೆಗೆ ಫಿಸಿಯೋ ಹುಡುಗಿಗೆ ಫೋನಿನಲ್ಲಿ ಹೇಳಿದೆ. ಅವಳು ಡಾಕ್ಟರಿಗೆ ಹೇಳಿ, ನರದ ನೋವಿಗೆಂದೇ ಇರುವ ಮಾತ್ರೆ ಬರೆಸಿದಳು. ನಮ್ಮ ಬೀದಿಯ ಟೈಲರಮ್ಮ ಹಳೆಯ ಕಾಟನ್ ಸೀರೆಯಲ್ಲಿ ಮುಂದೆ ಗಂಟು ಹಾಕುವ ಸಡಿಲ ರವಿಕೆ ನಾಲ್ಕು ಹೊಲಿದುಕೊಟ್ಟರು. ಮಾತ್ರೆ, ರವಿಕೆ ಎರಡೂ ಕೆಲಸ ಮಾಡಿದವು. ಮರಗಟ್ಟಿದ ಜಾಗ ಇವತ್ತಿಗೂ ಇದೆ, ಅಂಗೈಯಷ್ಟಿದ್ದದ್ದು ಈಗ ಒಂದು ವೀಳ್ಯದೆಲೆಯಷ್ಟು.

ಮೂರನೇ ತಿಂಗಳ ತಪಾಸಣೆಯಲ್ಲಿ ಒಂದು ಪ್ರಶ್ನಾವಳಿ ತುಂಬಲು ಕೊಟ್ಟರು. ಯುರೋಪಿನ ಕ್ಯಾನ್ಸರ್ ಸಂಸ್ಥೆಯೊಂದು ಮಾಡಿದ್ದು, 30 ಪ್ರಶ್ನೆ, ಜಗತ್ತಿನ ಎಷ್ಟೋ ಕಡೆ ಬಳಸುತ್ತಾರಂತೆ. ಭಾರವಾದ ಚೀಲ ಹೊರಲು ಕಷ್ಟವೇ? ದೂರ ನಡೆಯಲು? ಊಟ, ಬಟ್ಟೆ, ಸ್ನಾನಕ್ಕೆ ಇನ್ನೊಬ್ಬರ ಸಹಾಯ ಬೇಕೇ? ಇಲ್ಲ, ಸ್ವಲ್ಪ, ಸಾಕಷ್ಟು, ಬಹಳ ಎಂದು 1ರಿಂದ 4ರೊಳಗೆ ಗುರುತು ಹಾಕಬೇಕು. ಶ್ವಾಸಕೋಶದ ರೋಗಿಗಳಿಗೆಂದು ಅದರ ಜೊತೆ ಇನ್ನೂ 13 ಪ್ರಶ್ನೆ. ಅವು 1994ರಲ್ಲಿ ರೂಪುಗೊಂಡವು. ಕೂದಲು ಉದುರಿತೇ, ಬಾಯಿ ಹುಣ್ಣಾಗಿದೆಯೇ ಎಂದೆಲ್ಲ ಕೇಳುತ್ತವೆ, ಕೀಮೋ ತೆಗೆದುಕೊಂಡವರನ್ನು ಮನಸ್ಸಿನಲ್ಲಿಟ್ಟುಕೊಂಡ ಹಾಗಿದೆ. ಈಚೆಗೆ ಆಪರೇಶನ್ ಆದವರ ತೊಂದರೆಗಳನ್ನೂ ಸೇರಿಸಿ ಅದನ್ನು 29 ಪ್ರಶ್ನೆಗಳಿಗೆ ಬೆಳೆಸಿದ್ದಾರೆ ಎಂದು ಮಗಳು ಹುಡುಕಿ ಹೇಳಿದಳು. ನನಗೆ ಸಿಕ್ಕಿದ್ದು ಹಳೆಯದು.

ಅವಳು ಹುಡುಕಿದ್ದರಲ್ಲಿ ಇನ್ನೊಂದು ಸಂಗತಿ ನನ್ನನ್ನು ಬಿಡದೆ ಹಿಡಿಯಿತು. ಡೆನ್ಮಾರ್ಕಿನಲ್ಲಿ 206 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎದೆ ತೆರೆದು, ಇನ್ನೊಂದಕ್ಕೆ ಕ್ಯಾಮೆರಾದಿಂದ ಆಪರೇಶನ್ ಮಾಡಿ, ಒಂದು ವರ್ಷ ಹಿಂಬಾಲಿಸಿದರು. 2016ರಲ್ಲಿ ಪ್ರಕಟವಾಯಿತು. ಮೊದಲ ದಿನ ಗಮನಾರ್ಹ ನೋವು ಅನುಭವಿಸಿದವರು ತೆರೆದ ಗುಂಪಿನಲ್ಲಿ ಶೇ. 63, ಕ್ಯಾಮೆರಾ ಗುಂಪಿನಲ್ಲಿ ಶೇ. 38. ಕ್ಯಾಮೆರಾದವರಿಗೆ ವರ್ಷದುದ್ದಕ್ಕೂ ನೋವು ಕಡಿಮೆಯೇ ಇತ್ತು. ಜೀವನದ ಗುಣಮಟ್ಟವನ್ನು ಎರಡು ಪ್ರಶ್ನಾವಳಿಗಳಿಂದ ಅಳೆದರು. ಐದೇ ಪ್ರಶ್ನೆಗಳಿರುವ ಒಂದರಲ್ಲಿ ಕ್ಯಾಮೆರಾದವರು ಸ್ಪಷ್ಟವಾಗಿ ಮುಂದಿದ್ದರು. 30 ಪ್ರಶ್ನೆಗಳ ಇನ್ನೊಂದರಲ್ಲಿ, ಅಂದರೆ ನಾನು ತುಂಬಿದ ಅದೇ ಹಾಳೆಯಲ್ಲಿ, ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ಜನ, ಅದೇ ವರ್ಷ. ಬ್ರಿಟನ್ನಿನ ಒಂಬತ್ತು ಆಸ್ಪತ್ರೆಗಳಲ್ಲಿ 503 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ ಅದೇ 30 ಪ್ರಶ್ನೆಗಳ ಹಾಳೆಯಲ್ಲಿನ ಓಡಾಟ, ಕೆಲಸಗಳ ಭಾಗವನ್ನು ಹಿಡಿದು, ಐದನೇ ವಾರದಲ್ಲಿ ಕೇಳಿತು. ಅಲ್ಲಿ ಕ್ಯಾಮೆರಾದವರೇ ಮುಂದಿದ್ದರು.

ಮಕ್ಕಳ ಉತ್ತರಪತ್ರಿಕೆ ತಿದ್ದಿ ಬದುಕಿದವಳು ನಾನು. ಪ್ರಶ್ನೆ ಬದಲಾದರೆ ಮಗುವಿನ ಅಂಕವೂ ಬದಲಾಗುವುದನ್ನು ನೋಡಿದ್ದೇನೆ. ಹಾಗಂತ ಪರೀಕ್ಷೆಯೇ ಬೇಡ ಎನ್ನಲಾರೆ. ಈ ಪ್ರಶ್ನಾವಳಿಗಳು ಇಲ್ಲದಿದ್ದರೆ ಡಬ್ಬಿಯ ಗುಳ್ಳೆ ಬಿಟ್ಟು ಬೇರೇನನ್ನೂ ಯಾರೂ ಕೇಳುತ್ತಿರಲಿಲ್ಲ. ಅದರಲ್ಲಿ ಇಲ್ಲದ್ದನ್ನು ನಾವು ಸೇರಿಸಿ ಹೇಳಬೇಕು, ಕೇಳುವವರು ಕಿವಿಗೊಡಬೇಕು ಅಷ್ಟೇ. ನನ್ನ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದೆ: ರವಿಕೆ ಹಾಕಲು ಆಗುತ್ತಿಲ್ಲ. ಪದ್ಯ ಓದಲು ಆಗುತ್ತಿಲ್ಲ.

ಕೊನೆಯ ಎರಡು ಪ್ರಶ್ನೆಗಳಿಗೆ 1ರಿಂದ 7ರವರೆಗೆ ಅಂಕ. ಕಳೆದ ವಾರದಲ್ಲಿ ನಿಮ್ಮ ಒಟ್ಟಾರೆ ಜೀವನದ ಗುಣಮಟ್ಟ ಹೇಗಿತ್ತು? ತುಂಬ ಹೊತ್ತು ಪೆನ್ಸಿಲ್ ಹಿಡಿದು ಕೂತೆ. ಆ ವಾರ ಮೊಮ್ಮಗ ಫೋನಿನಲ್ಲಿ ಮೊದಲ ಸಲ 'ಅಜ್ಜಿ' ಅಂದಿದ್ದ. ಆ ವಾರವೇ ಒಂದು ರಾತ್ರಿ, ಗಡ್ಡೆ ಮತ್ತೆ ಬಂದರೆ ಎಂಬ ಯೋಚನೆಯಲ್ಲಿ ಬೆಳಗಿನವರೆಗೆ ನಿದ್ದೆಯಿರಲಿಲ್ಲ. 5 ಎಂದು ಹಾಕಿದೆ.

ಈ ರೋಗದ ಚರಿತ್ರೆಯಲ್ಲಿ ಒಬ್ಬ ರೋಗಿಯನ್ನು ನಾನು ಆಗಾಗ ನೆನೆಯುತ್ತೇನೆ. ಜೇಮ್ಸ್ ಗಿಲ್ಮೋರ್, ಅಮೆರಿಕದ ಹೆರಿಗೆ ಡಾಕ್ಟರು. 1933ರ ಏಪ್ರಿಲ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಎವರ್ಟ್ಸ್ ಗ್ರಹಾಂ ಎಂಬ ಸರ್ಜನ್ ಕ್ಯಾನ್ಸರ್ ಇದ್ದ ಅವರ ಇಡೀ ಎಡ ಶ್ವಾಸಕೋಶವನ್ನು ಒಂದೇ ಆಪರೇಶನ್ನಿನಲ್ಲಿ ತೆಗೆದರು. ಹಾಗೆ ಮಾಡಿಸಿಕೊಂಡು ಬದುಕುಳಿದವರಲ್ಲಿ ಅವರೇ ಮೊದಲಿಗರು. ಖಾಲಿ ಜಾಗ ಮುಚ್ಚಲು ಪಕ್ಕೆಲುಬುಗಳನ್ನೂ ತೆಗೆದಿದ್ದರು. ಆಮೇಲೆ ಗಿಲ್ಮೋರ್ ಮತ್ತೆ ಕೆಲಸಕ್ಕೆ ಹೋದರು, ಮೂವತ್ತು ವರ್ಷ ಬದುಕಿದರು. ಸಿಗರೇಟಿಗೂ ಈ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲಿ ತೋರಿಸಿದವರಲ್ಲಿ ಒಬ್ಬರಾದ, ಸ್ವತಃ ಸಿಗರೇಟು ಸೇದುತ್ತಿದ್ದ ಗ್ರಹಾಂ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ರೋಗಿ ಅವರಿಗಿಂತ ಹೆಚ್ಚು ಕಾಲ ಉಳಿದರು. ಅರ್ಧ ರಾತ್ರಿಯಲ್ಲಿ ಹೆರಿಗೆಗೆ ಕರೆ ಬಂದಾಗ ಒಂದೇ ಶ್ವಾಸಕೋಶದಲ್ಲಿ ಗಿಲ್ಮೋರ್ ಮೆಟ್ಟಿಲು ಹೇಗೆ ಹತ್ತಿರಬಹುದು ಎಂದು ನಾನು ಯೋಚಿಸುತ್ತೇನೆ. ಯಾವ ಮೆಟ್ಟಿಲಲ್ಲಿ ನಿಂತಿರಬಹುದು?

ನಾನು ನಿಲ್ಲುವ ಜಾಗಗಳು ಈಗ ನನಗೆ ಗೊತ್ತು. ನಮ್ಮ ಮನೆಯ ಮಹಡಿಗೆ 17 ಮೆಟ್ಟಿಲು. ಎರಡನೇ ತಿಂಗಳಲ್ಲಿ ಐದಕ್ಕೊಮ್ಮೆ ನಿಲ್ಲುತ್ತಿದ್ದೆ, ಈಗ ಹನ್ನೆರಡನೆಯದರಲ್ಲಿ ಒಮ್ಮೆ. ಒದ್ದೆ ಬಟ್ಟೆಯ ಬಕೆಟ್ ಎತ್ತುವುದಿಲ್ಲ. ನಡೆಯುತ್ತಾ ಮಾತಾಡುವುದಿಲ್ಲ. ಸಂಜೆ ತುಂಗಾ ದಂಡೆಯಲ್ಲಿ ನಡೆಯುವಾಗ ಇವರು ಮಾತಾಡುತ್ತಾರೆ, ನಾನು ತಲೆಯಾಡಿಸುತ್ತೇನೆ. ಕಲ್ಲುಬೆಂಚಿನಲ್ಲಿ ಕೂತ ಮೇಲೆ ಎಲ್ಲಕ್ಕೂ ಸೇರಿಸಿ ಉತ್ತರ ಹೇಳುತ್ತೇನೆ. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವರು ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಕೆಮ್ಮು ಏಳನೇ ತಿಂಗಳಿಗೆ ಹೋಯಿತು. ಆರು ತಿಂಗಳಿಗೊಮ್ಮೆ ಸಿಟಿ ಸ್ಕ್ಯಾನ್. ಅದರ ಹಿಂದಿನ ವಾರ ಮನೆಯಲ್ಲಿ ಇಬ್ಬರಿಗೂ ಊಟ ಸೇರುವುದಿಲ್ಲ. ಇದಕ್ಕೆ ಮಾತ್ರೆಯೂ ಇಲ್ಲ, ಅಭ್ಯಾಸವೂ ಆಗುವುದಿಲ್ಲ.

ಪದ್ಯವನ್ನು ಚೆಂಡಿನ ಯಂತ್ರದ ಜೊತೆಗೇ ಮತ್ತೆ ಶುರು ಮಾಡಿದ್ದೆ. ಬೆಳಿಗ್ಗೆ ಹತ್ತು ಸಲ ಚೆಂಡು, ಆಮೇಲೆ ಒಂದು ಪದ್ಯ. ಏಳು ಮಾತ್ರೆಯಿಂದ ಹದಿನಾಲ್ಕಕ್ಕೆ ಬರಲು ಐದು ವಾರ ಹಿಡಿಯಿತು. ಎರಡು ಸಾಲು, ಅಂದರೆ 28 ಮಾತ್ರೆ, ಆರನೇ ತಿಂಗಳಿನಲ್ಲಿ. ಮೂರನೇ ಸಾಲು ಮಾತ್ರ ಇವತ್ತಿಗೂ ಒಂದೇ ಉಸಿರಿಗೆ ಸೇರುವುದಿಲ್ಲ. ಎರಡನೇ ಸಾಲಿನ ತುದಿಯಲ್ಲಿ, ಕೇಳುವವರಿಗೆ ಗೊತ್ತಾಗದಷ್ಟು ಸಣ್ಣಗೆ ಮೂಗಿನಲ್ಲಿ ಎಳೆದುಕೊಂಡು ಮುಂದಕ್ಕೆ ಹೋಗುತ್ತೇನೆ. ಗುರುಗಳು ಈಗಿಲ್ಲ. ಅವರಿಗೆ ಖಂಡಿತ ಗೊತ್ತಾಗುತ್ತಿತ್ತು.

ವರ್ಷ ತುಂಬಿದ ಮೇಲೆ ಮಕ್ಕಳಿಗೆ ಶನಿವಾರದ ಗಮಕ ಪಾಠ ಮತ್ತೆ ಶುರು ಮಾಡಿದೆ. ಹೊಳೆಯ ಈಚೆಗೆ ಮತ್ತೂರು, ಆಚೆಗೆ ಹೊಸಹಳ್ಳಿ, ಗಮಕವೆಂದರೆ ಜೀವ ಬಿಡುವ ಊರು ಅದು. ಆ ಕಡೆಯಿಂದಲೇ ಒಬ್ಬಳು ಒಂಬತ್ತನೇ ಕ್ಲಾಸಿನ ಹುಡುಗಿ ಬರುತ್ತಾಳೆ, ಒಳ್ಳೆಯ ಶಾರೀರ. ಕಳೆದ ವಾರ ಅವಳು ಓದುವಾಗ ಏನೋ ತಡೆದಂತಾಯಿತು. ಮತ್ತೆ ಓದಿಸಿದೆ. ಎರಡನೇ ಸಾಲಿನ ತುದಿಯಲ್ಲಿ, ಮೂಗಿನಲ್ಲಿ, ಸಣ್ಣಗೆ ಉಸಿರೆಳೆದುಕೊಂಡಳು. ನಾನು ಮಾಡುವ ಹಾಗೇ.

"ಅಲ್ಲಿ ಯಾಕಮ್ಮ ಉಸಿರು ತಗೊಂಡೆ?"

"ನೀವು ಅಲ್ಲೇ ತಗೋತೀರಲ್ಲ ಟೀಚರ್."

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನನಗೆ ಅಲ್ಲಿ ಬೇಕಾಗತ್ತೆ ಪುಟ್ಟಿ, ನಿನಗೆ ಬೇಡ, ನೀನು ಮೂರನೇ ಸಾಲಿನ ತನಕ ಹೋಗು ಅಂದೆ. ಅವಳು ಎದೆ ತುಂಬ ಉಸಿರೆಳೆದುಕೊಂಡು ಮೊದಲಿನಿಂದ ಶುರು ಮಾಡಿದಳು. ನಾನು ಬೆರಳು ಮಡಚಿ ಮಾತ್ರೆ ಎಣಿಸುತ್ತಾ ಕೂತೆ.